ತಲೆಗೆ ಪೆಟ್ಟು ಬಿದ್ದವರು ಬೇಕಾಗಿದ್ದಾರೆ

“ಅಣ್ಣ, ಇಲ್ನೋಡ್ರಿ, ತಲೆಗೆ ಪೆಟ್ಟು ಬಿದ್ದೋರು ಬೇಕಂತೆ ಕಣ್ರೀ!”

ಹಾನುಬಾಳಿನ ಸೈಬರ್ ಸೆಂಟರ್‌ನ ಗಿರೀಶ ಹೀಗೆ ಕೂಗಿದಾಗ ಬೆಚ್ಚಿಬಿದ್ದೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನು ಸಂಜೆ ಕಾಫಿ ರೇಟ್ ನೋಡಲು ಅಲ್ಲಿಗೆ ಹೋಗುತ್ತಿದ್ದೆ. ಇಂಟರ್‌ನೆಟ್‌ನಲ್ಲೇ ಜನರಿಗೆ ಸಣ್ಣಪುಟ್ಟ ಕೆಲಸ ಹಂಚುವ ಸೈಟೊಂದರಲ್ಲಿ, ತಲೆಗೆ ಸಣ್ಣ ಪೆಟ್ಟು ತಿಂದವರನ್ನು ವಿದೇಶದ ಸಂಶೋಧಕರು ಹುಡುಕುತ್ತಿದ್ದರು.

ಹಿಂದಿನ ವರ್ಷ ತೋಟದಲ್ಲಿ ನೆರಳಿನ ಮರಗಳನ್ನು ಸವರಿಸುವಾಗ ಕೊಂಬೆಯೊಂದು ನನ್ನ ತಲೆಗೆ ಬಡಿದಿತ್ತು. ರಕ್ತ ಬರಲಿಲ್ಲ. ರಕ್ತ ಬಾರದ ಪೆಟ್ಟನ್ನು ನಮ್ಮ ಕಡೆ ಯಾರೂ ಪೆಟ್ಟೆಂದು ಒಪ್ಪುವುದಿಲ್ಲ. ಸ್ಕ್ಯಾನ್ ಕೂಡ ಸರಿಯಾಗಿಯೇ ಇತ್ತು. ಆಮೇಲೆ ಶುರುವಾದ ತಲೆನೋವು, ಮರೆವು ಎಲ್ಲವೂ ಮನೆಯವರ ಕಣ್ಣಿಗೆ ಬರೀ ನೆಪ.

ಗಿರೀಶ ಇಂಗ್ಲಿಷ್ ಪ್ರಶ್ನೆಗಳನ್ನು ಓದಿ ಹೇಳಿದ, ನಾನು ಉತ್ತರಿಸಿದೆ. ಪೆಟ್ಟಿನ ನಂತರ ನೀವು ಬದಲಾಗಿದ್ದೀರೆಂದು ಬೇರೆ ಯಾರಿಗಾದರೂ ಅನ್ನಿಸಿದೆಯೇ ಎಂಬುದು ಕೊನೆಯದು.

“ಇಲ್ಲ ಅಂತ ಒತ್ತು ಮಾರಾಯ,” ಎಂದೆ.

ಅವನು ಒತ್ತಲಿಲ್ಲ. “ಯಾಕಿಲ್ಲ? ಮೊದ್ಲು ನೀವು ಬರ್ತಿದ್ರೆ ಆ ತಿರುವಿಂದ್ಲೇ ಸಿಳ್ಳೆ ಕೇಳ್ತಿತ್ತು. ಯಾವಾಗ್ಲೂ ಅದೇ ಒಂದು ಹಾಡು. ಈಗ ಪಕ್ಕ ಬಂದು ನಿಂತ್ರೂ ಗೊತ್ತಾಗಲ್ಲ,” ಎಂದು ‘ಹೌದು’ ಒತ್ತಿದ.

ಸಂಶೋಧಕರಿಂದ ಮುಂದೇನೂ ಸುದ್ದಿ ಬರಲಿಲ್ಲ. ಆದರೆ ಉತ್ತರ ಕೊಟ್ಟ ಆ ಸಂಜೆಯೇ ಎಸ್ಟೇಟ್ ದಾರಿಯಲ್ಲಿ ಒಬ್ಬನೇ ನಡೆಯುತ್ತ ತುಟಿ ಕೂಡಿಸಿ ನೋಡಿದೆ. ಸಿಳ್ಳೆ ಬಂತು, ಹಾಡು ಬರಲಿಲ್ಲ. ಅದು ಯಾವ ಹಾಡೆಂದು ಗಿರೀಶನನ್ನು ಕೇಳಲು ಇವತ್ತಿಗೂ ಧೈರ್ಯ ಬಂದಿಲ್ಲ.