ದೇವರ ಮನೆಯಲ್ಲಿ ಬ್ಯಾಕಪ್

ಕಂಪ್ಯೂಟರಿನ ನೆತ್ತಿಯ ಮೇಲೆ ತೆಂಗಿನಕಾಯಿ ಒಡೆಯುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಮೊನ್ನೆ ಆಯುಧ ಪೂಜೆಯ ದಿನ, ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ನಮ್ಮ ವಧು-ವರರ ಮಾಹಿತಿ ಕೇಂದ್ರದಲ್ಲಿ.

ಒಡೆದವರು ನಮ್ಮ ಅಧ್ಯಕ್ಷರು. ನೆಲಕ್ಕೆ ಒಡೆದರೆ ಟೈಲ್ಸ್ ಹಾಳಾಗುತ್ತದಲ್ಲ (ಹೊಸ ಟೈಲ್ಸ್!), ಅದಕ್ಕೇ ಕಾಯಿಯನ್ನು ಕಂಪ್ಯೂಟರಿನ ಮೇಲೆ ಎತ್ತಿಹಿಡಿದು ಕುಟ್ಟಿದರು. ಪರದೆಯಲ್ಲಿ ಗಣಪತಿ ಕಾಣಲೆಂದು ಅದನ್ನು ಆನ್ ಬೇರೆ ಮಾಡಿಟ್ಟಿದ್ದರು. ಕಾಯಿ ನೀರು ಸಂದಿಯಿಂದ ಒಳಗಿಳಿಯಿತು. ಚಟ್ ಅಂದಿತು. ಗಣಪತಿ ಮಾಯ.

"ಅಭಿಷೇಕ ಆತ್ರೀ," ಎಂದರು ಅಧ್ಯಕ್ಷರು, ಭಕ್ತಿಯಿಂದ.

ಮರುದಿನ ದಶಮಿ. ಒಳ್ಳೆಯ ದಿನ, ಹಾಗಾಗಿ ಕೇಂದ್ರಕ್ಕೆ ರಜೆಯಿಲ್ಲ. ಬೆಳಿಗ್ಗೆಯೇ ಸವಿತಾ ಬಂದಳು. ತಾಜಸುಲ್ತಾನಪುರದ ಶಾಲೆಯಲ್ಲಿ ಟೀಚರ್. ಹಿಂದಿನ ವಾರ ಬೀದರಿನ ಹುಡುಗನೊಬ್ಬನನ್ನು ನಮ್ಮಲ್ಲೇ ಭೇಟಿಯಾಗಿ, ಯೋಚಿಸಿ ಹೇಳುತ್ತೇನೆ ಅಂದಿದ್ದಳು. ಹುಡುಗನ ತಂದೆ ಹೋಗುವಾಗ, "ದಸಮಿ ಸಂಜಿಗೆ ಇನ್ನೊಂದು ಕಡೆ ಮಾತು ಮುಗಸ್ತೇವ್ರೀ, ಅದರೊಳಗ ಹೇಳಿಬಿಡ್ರಿ," ಎಂದು ಖಡಕ್ಕಾಗಿ ಹೇಳಿದ್ದರು.

"ಮೇಡಂ, ನನಗ ಒಪ್ಪಿಗಿ ಅದರೀ. ಅವರ ನಂಬರ್ ಕೊಡ್ರಿ," ಅಂದಳು ಸವಿತಾ.

ನಂಬರ್ ಎಲ್ಲಿದೆ? ತೆಂಗಿನ ನೀರು ಕುಡಿದು ಮಲಗಿದ ಡಬ್ಬಿಯಲ್ಲಿ! ಕಾಗದದ ಅರ್ಜಿಗಳನ್ನೆಲ್ಲ, ಕಂಪ್ಯೂಟರ್ ಬಂತೆಂಬ ಜೋರಿನಲ್ಲಿ, ನಾವು ರದ್ದಿಗೆ ಹಾಕಿದ್ದೆವು.

ಆದರೆ ನಾನು (ಸ್ವಲ್ಪ ಜಂಬ ಸಹಿಸಿಕೊಳ್ಳಿ) ಒಂದು ನಿಯಮ ಮಾಡಿಸಿದ್ದೆ. ಪ್ರತಿ ಶನಿವಾರ ಎಲ್ಲ ಮಾಹಿತಿಯ ಒಂದು ನಕಲು ಫ್ಲಾಪಿಗಿಳಿದು ಕಟ್ಟಡದಿಂದ ಹೊರಗೆ ಹೋಗಬೇಕು. ಬೆಂಕಿ ಬೀಳಲಿ, ಕಳ್ಳ ಬರಲಿ, ನಕಲು ಉಳಿಯುತ್ತದೆ. (ಅಪಾಯಗಳ ಪೈಕಿ ಅಧ್ಯಕ್ಷರನ್ನು ನಾನು ಸೇರಿಸಿರಲಿಲ್ಲ.) ನಮ್ಮ ಆಪರೇಟರ್ ಗುರುರಾಜ ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಹೋಗುವವನು. ಫ್ಲಾಪಿ ಡಬ್ಬಿ ಅವನ ಮನೆಯಲ್ಲಿತ್ತು.

ಅಧ್ಯಕ್ಷರ ಜೀಪು ಹೊರಟಿತು. ಗುರುರಾಜ, ನಾನು, ಸವಿತಾ.

ಡಬ್ಬಿ ಇತ್ತು. ದೇವರ ಮನೆಯಲ್ಲಿತ್ತು! ಕತ್ತರಿ, ಈಳಿಗೆ, ಹೊಲಿಗೆ ಯಂತ್ರದ ಪಕ್ಕ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಮುಡಿದು ಕೂತಿತ್ತು. ಬಾಗಿಲಿಗೆ ಅಡ್ಡವಾಗಿ ಗುರುರಾಜನ ತಾಯಿ. ಆ ಓಣಿಗೆಲ್ಲ ಅವರು ಆಯಿ.

"ಸಂಜೀಕ ಬನ್ನಿ ಮುಡದ ಮ್ಯಾಲೆ ಎತ್ತೋದು. ಅಲ್ಲೀತನಕ ಪೂಜಿ ಸಾಮಾನು ಮುಟ್ಟಂಗಿಲ್ಲ," ಅಂದರು.

"ಆಯಿ, ಅದು ಆಫೀಸಿಂದು," ಎಂದ ಗುರುರಾಜ.

"ಹಂಗಿದ್ರ ಆಫೀಸಿನಾಗ ಇಡಬೇಕಿತ್ತು, ನನ್ನ ಮನ್ಯಾಗ ಯಾಕಿಟ್ರಿ?" ಎಂದು ಆಯಿ ನನ್ನ ಕಡೆ ತಿರುಗಿದರು. "ಅದರಾಗ ಮಂದಿ ಮನಿ ಮಾತದ ಅಂತ ಗುರು ಹೇಳ್ಯಾನ. ಬಾಜೂ ಮನಿಯಾಕಿ ಕೇಳಿದ್ಳು, ನಮ್ಮ ಹುಡುಗಗ ಹೆಣ್ಣು ಇದ್ರ ನೋಡೂಣು ಅಂತ. ಆಕಿಗೇ ಕೊಟ್ಟಿಲ್ಲ. ನಿಮಗ್ಯಾಕ ಕೊಡ್ಲಿ? ನೀವ್ಯಾರು?"

ನಾನ್ಯಾರು? ಒಳ್ಳೇ ಪ್ರಶ್ನೆ. ನಕಲನ್ನು ಎಲ್ಲಿಡಬೇಕು ಅಂತ ನಿಯಮ ಮಾಡಿದವಳು ನಾನು, ಯಾರು ತೆಗೆಯಬಹುದು ಅಂತ ಮಾಡಿರಲಿಲ್ಲ. ನಮ್ಮ ಆಫೀಸಿನ ಪಾಸ್‌ವರ್ಡಂತೂ ಚಹಾ ತರುವವನಿಗೂ ಗೊತ್ತು.

ಆಗ ಸವಿತಾ ಮುಂದೆ ಬಂದಳು. "ಆಯಿ, ಅದರಾಗ ಒಬ್ಬ ಹುಡುಗ ಇದ್ದಾನ್ರೀ. ನನ್ನ ಮನಸಿಗೆ ಬಂದಾನ. ಸಂಜಿ ಆತಂದ್ರ ಬ್ಯಾರೆ ಕಡೆ ಮಾತು ಮುಗೀತದ."

"ನೀನ ನೋಡಿ ಒಪ್ಪೀಯೇನು?"

"ಹೌದ್ರೀ."

ಆಯಿ ನಕ್ಕುಬಿಟ್ಟರು. ಒಳಗೆ ಹೋಗಿ ಆರತಿ ಎತ್ತಿದರು. ಬನ್ನಿ ಎಲೆ ತಂದು ಅವಳ ಕೈಗಿಟ್ಟು, "ತಗೋ, ಬಂಗಾರದಂಗ ಇರು. ದೇವರಿಗೆ ನಾ ಹೇಳಿಕೋತೀನಿ," ಅಂದರು.

ಡಬ್ಬಿಯನ್ನು ಮಾತ್ರ ನಮ್ಮ ಕೈಗೆ ಕೊಡಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ ಬೂತಿನಲ್ಲಿ ಕಂಪ್ಯೂಟರ್ ಇದೆ ಅಂದಾಗ ತಾವೇ ಹಿಡಿದುಕೊಂಡು ಬಂದರು. ಬೂತಿನವನಿಗೆ, "ನೀ ಸ್ವಲ್ಪ ಹೊರಗ ನಿಂದ್ರು," ಎಂದರು. ಪಾಪ, ಅವನದೇ ಅಂಗಡಿ! ಪರದೆಗೆ ಸೆರಗು ಮರೆ ಮಾಡಿ, "ಆ ಹುಡುಗಂದಷ್ಟ ತೆಗೀ ಗುರು, ಉಳದವ್ರದು ಬ್ಯಾಡ," ಅಂದರು. ನನಗೆ ಆ ಕಡೆ ಮುಖ ಮಾಡಿ ನಿಲ್ಲಲು ಹೇಳಿದರು. ನಿಂತೆ, ಏನು ಮಾಡಲಿ? ಫ್ಲಾಪಿ ಕರಕರ ಅಂದಿತು (ಅರಿಶಿನದ ಪ್ರಭಾವವೋ ಏನೋ). ಕೊನೆಗೆ ತೆರೆದುಕೊಂಡಿತು.

ಸವಿತಾ ಫೋನ್ ಹಚ್ಚಿದಳು. ಗಾಜಿನಾಚೆ ಅವಳ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮೊದಲು ಗಂಭೀರ. ಆಮೇಲೆ ಹ್ಞೂಂ, ಹ್ಞೂಂ. ಆಮೇಲೆ ಹಣೆಯ ಬೆವರು ಒರೆಸಿಕೊಂಡು ನಕ್ಕಳು. ಹೊರಗೆ ಬಂದವಳೇ, "ಆ ಇನ್ನೊಂದು ಕಡೆಯವರಿಗೆ ಬ್ಯಾಡಂತ ಹೇಳ್ತಾರಂತ್ರೀ. ನಾಳೆ ನಮ್ಮ ಮನಿಗೆ ಬರ್ತಾರ!" ಅಂದಳು.

ನನಗಂತೂ ಬಸ್ ಸ್ಟ್ಯಾಂಡಿನಲ್ಲೇ ಕುಣಿಯುವಷ್ಟು ಖುಷಿ. ಆಯಿ ಎಲ್ಲರಿಗೂ ಕೆಂಪು ಬಾಳೆಹಣ್ಣು ಹಂಚಿದರು. ಬಿಸಿಲಲ್ಲಿ ನಿಂತಿದ್ದ ಬೂತಿನವನಿಗೆ ಒಂದು ಜಾಸ್ತಿ. ಡಬ್ಬಿ ಮತ್ತೆ ಅವರ ಸೆರಗಿನೊಳಗೆ ಸೇರಿ ಮನೆಗೆ ಹೋಯಿತು.

ನಿನ್ನೆ ಯಾವುದೋ ಕಂಪನಿಯ ಹುಡುಗ ಫೋನ್ ಮಾಡಿ, ಮೇಡಂ ಕ್ರೆಡಿಟ್ ಕಾರ್ಡ್ ಬೇಕಾ ಅಂದ. ನನ್ನ ಹೆಸರು, ಮನೆ, ಮನೆಯವರ ನೌಕರಿ ಎಲ್ಲ ಪಟಪಟ ಒಪ್ಪಿಸಿದ. ಇದನ್ನೆಲ್ಲ ನಿನಗೆ ಯಾರು ಕೊಟ್ಟರು ಅಂತ ಕೇಳಿದರೆ, "ನಮ್ಮ ಡೇಟಾಬೇಸ್‌ನಲ್ಲಿದೆ ಮೇಡಂ," ಅಂದ, ಡೇಟಾಬೇಸ್ ಅಂದರೆ ರಸ್ತೆ ಬದಿಯ ನಲ್ಲಿ ಅನ್ನುವ ಹಾಗೆ.

ನನಗೆ ಕೇಳಲು ಇದ್ದದ್ದು ಒಂದೇ: "ನಿಮ್ಮ ಆಫೀಸಿನಾಗ ಒಬ್ಬರೂ ಆಯಿ ಇಲ್ಲೇನಪಾ?"