ಹುಣಸೆಹಣ್ಣಿನಲ್ಲಿ ತೊಳೆದ ಕಲ್ಲು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಿಂದ ಉತ್ತರಹಳ್ಳಿಗೆ ಹೊರಟೆ. ಹತ್ತು ಕಿಲೋಮೀಟರ್ ಕೂಡ ಇಲ್ಲದ ಇದೂ ಒಂದು ಪ್ರವಾಸವೇ ಎಂದು ನೀವು ನಗಬಹುದು. ತೊಡೆಯ ಮೇಲೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಕಲ್ಲು, ಎದೆಯಲ್ಲಿ ಕಳ್ಳ ಅಳುಕು ಇಟ್ಟುಕೊಂಡು ಹೋಗಿ ನೋಡಿ, ಆಗ ದೂರ ಗೊತ್ತಾಗುತ್ತದೆ.

ಕಲ್ಲು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಸುಮಾಳದು. ಭೂವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಚಿತ್ರದುರ್ಗದ ಕಡೆಯಿಂದ ತಂದ ಆ ಕಲ್ಲಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಹಳೆಯ ಕಡಲಿನ ತಳದಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಪದರ ಪದರವಾಗಿ ಸುಣ್ಣ ಕೂಡಿಸಿ ಕಟ್ಟಿದ್ದು. ಆಸ್ಟ್ರೇಲಿಯಾದ ಒಂದು ಉಪ್ಪುನೀರಿನ ಕೊಲ್ಲಿಯಲ್ಲಿ ಅಂಥವು ಇಂದಿಗೂ ಬೆಳೆಯುತ್ತಿವೆ. ಆ ಜೀವಂತ ಕಲ್ಲಿನಲ್ಲಿರುವ ಉಪ್ಪು, ಇಂಗಾಲಗಳ ಜೊತೆ ಈ ಕಲ್ಲಿನವನ್ನು ಹೋಲಿಸಿ, ಅಂದಿನ ಸಮುದ್ರ ಹೇಗಿತ್ತೆಂದು ಹೇಳುವುದು ಅವಳ ಕೆಲಸ. ಕಲ್ಲು ಸಿಕ್ಕ ಜಾಗ ಈಗ ಕ್ವಾರಿಯಾಗಿದೆ. ಇನ್ನೊಂದು ತುಂಡು ಸಿಗುವುದಿಲ್ಲ.

ಅದನ್ನು ಅವಳು ಮೆಟ್ಟಿಲ ಬಳಿ ಇಟ್ಟಿದ್ದಳು. ಶುಕ್ರವಾರ ದೇವರ ಪಾತ್ರೆ ಬೆಳಗುತ್ತಿದ್ದ ನಾನು, ಮಿಕ್ಕ ಹುಣಸೆಹಣ್ಣು, ಉಪ್ಪು ಸುಮ್ಮನೆ ಚೆಲ್ಲುವುದೇಕೆಂದು ಕಲ್ಲಿಗೂ ಮೆತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ತಿಕ್ಕುವಾಗ ಸಣ್ಣ ಗುಳ್ಳೆಗಳು ಕಂಡವು. ಹುಳಿ ಸುಣ್ಣವನ್ನು ಕರಗಿಸುತ್ತದೆ ಎಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಗರಗಸ ಸಿದ್ಧಮಾಡಿಸಲೆಂದು ಸುಮಾ ಶನಿವಾರ ಬೆಳಿಗ್ಗೆಯೇ ಕಲ್ಲು ಕೊಯ್ಯುವ ಶೆಡ್ಡಿಗೆ ಹೋಗಿದ್ದಳು. ಕಲ್ಲನ್ನು ತಂದುಕೊಡಲು ಒಪ್ಪಿದ್ದೆ. ವಿಷಯ ಮಾತ್ರ ಹೇಳಿರಲಿಲ್ಲ.

ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು, “ಚೀಲ ಕೆಳಗಿಡಿ ಆಂಟಿ. ಅಷ್ಟೊಂದು ಭಾರ ಏನದು?” ಎಂದ.

“ಕಲ್ಲಪ್ಪ.”

“ಒರಳುಕಲ್ಲಾ?”

“ಅಲ್ಲ, ಬೇರೆಯವರ ಕಲ್ಲು.”

ಬನಶಂಕರಿಯಲ್ಲಿ ಇಳಿದು ಇಪ್ಪತ್ತು ನಿಮಿಷ ಬಿಸಿಲಲ್ಲಿ ಕಾದೆ. ಕಾಫಿ ಕುಡಿದೆ, ರುಚಿಸಲಿಲ್ಲ. ನೀರಿನಲ್ಲಿ ತೊಳೆದೆ ಎಂದರಾಯಿತು ಎಂದು ಅಲ್ಲೇ ತೀರ್ಮಾನಿಸಿ ಉತ್ತರಹಳ್ಳಿಯ ಬಸ್ಸು ಹತ್ತಿದೆ.

ಶೆಡ್ಡು ಎರಡು ಅಪಾರ್ಟ್‌ಮೆಂಟುಗಳ ನಡುವೆ ಇತ್ತು. ಸುಮಾ ಓಡಿಬಂದು ಚೀಲ ಇಸಿದುಕೊಂಡಳು. “ಅಯ್ಯೋ, ಬಿಸಿಲಲ್ಲಿ ಹೊತ್ಕೊಂಡು ಬಂದ್ರಲ್ಲ ಆಂಟಿ!” ಎಂದು ನೀರು ಕೊಟ್ಟಳು. ಕಲ್ಲನ್ನು ನೋಡಿ, “ಇಷ್ಟು ಕ್ಲೀನಾಗಿದೆ! ತೊಳೆದ್ರಾ? ಬರೀ ನೀರಲ್ಲಿ ತಾನೇ?” ಎಂದಳು.

“ಹೂಂ” ಎಂದೆ.

ಹಿಂದೆಮುಂದೆ ನೋಡದೆ ನೋಟ್‌ಬುಕ್ಕಿನಲ್ಲಿ ‘ನೀರಿನಲ್ಲಿ ತೊಳೆದಿದೆ’ ಎಂದು ಬರೆದಳು. ಅವಳ ಆ ನಂಬಿಕೆ ನೋಡಿ ನನಗೆ ತಡೆಯಲಾಗಲಿಲ್ಲ. “ಅದನ್ನ ಹೊಡೆದು ಹಾಕಮ್ಮ” ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಸುಮಾ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣು ತುಂಬಿತ್ತು. “ಇಲ್ಲಿ ಬಿರುಕಿದೆ, ಒಳಗೆ ಇಳ್ದಿರುತ್ತೆ. ಉಪ್ಪಿನ ಟೆಸ್ಟ್ ಹೋಯ್ತು. ಇಂಗಾಲದ್ದು ನಡುಭಾಗದಿಂದ ಸಿಗ್ಬಹುದು.”

“ಬೈದುಬಿಡು” ಎಂದೆ.

“ಬೈದು ಏನ್ಮಾಡ್ಲಿ ಆಂಟಿ? ನೀವು ಹೇಳ್ದೇ ಇದ್ದಿದ್ರೆ ನಿಮ್ಮನೆ ಉಪ್ಪನ್ನ ಆ ಸಮುದ್ರದ್ದು ಅಂತ ಬರೀತಿದ್ದೆ. ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ.”

ಗರಗಸ ಓಡಿತು. ಕಲ್ಲಿನ ನಡುಭಾಗ ಚೆನ್ನಾಗಿತ್ತು. ಬೆಂಕಿಪೊಟ್ಟಣದಷ್ಟು ತುಂಡು ಸಿಕ್ಕಿತು.

ವಾಪಸಾಗುವಾಗ ಒಂದೇ ಸೀಟಿನಲ್ಲಿ ಕುಳಿತೆವು. ಬನಶಂಕರಿ ಬಂದಾಗ ಅವಳು ನೋಟ್‌ಬುಕ್ ತೆಗೆದು, “ಹುಣಸೆಹಣ್ಣು ಎಷ್ಟ್ ಹೊತ್ತು ಬಿಟ್ಟಿದ್ರಿ ಆಂಟಿ?” ಎಂದಳು.

“ಹತ್ತು ನಿಮಿಷ” ಎಂದೆ. ಅವಳು ಕೇಳದಿದ್ದರೂ ಇನ್ನೊಂದನ್ನು ಹೇಳಿದೆ. “ತೊಳೆದ ಮೇಲೆ ಸ್ವಲ್ಪ ಕುಂಕುಮಾನೂ ಇಟ್ಟಿದ್ದೆ.”

ಅವಳು ಅದನ್ನೂ ಬರೆದುಕೊಂಡಳು.