ಬೇರೆ ಬಂಡಲಿನ ಕಾಲು

ಗುಡಿಬಂಡೆ ಕಡೆಯಿಂದ ರಾಯದುರ್ಗಕ್ಕೆ ಬಂದ ಮೇಲೆ ಅಮ್ಮ ಜೀನ್ಸ್ ಹೊಲಿಯುವುದನ್ನು ಕಲಿತಳು. ಕತ್ತರಿಸಿದ ಬಟ್ಟೆ ಬಂಡಲ್ ಕಟ್ಟಿ ಬರುತ್ತಿತ್ತು, ಪ್ರತಿ ತುಂಡಿಗೂ ಅದರ ಬಂಡಲಿನ ನಂಬರ್ ಚೀಟಿ ಅಂಟಿಸಿರುತ್ತಿದ್ದರು. ರಜೆಯಲ್ಲಿ ನಾನು ಪಕ್ಕದಲ್ಲಿ ಕೂತು ತುಂಡು ಜೋಡಿಸಿ ಕೊಡುತ್ತಿದ್ದೆ.

"ನಂಬರ್ ನೋಡವ್ವ. ಒಲಿಯೋವಾಗ ಎಲ್ಲಾ ಒಂದೇ ತರ ಕಾಣ್ತವೆ. ವಾಶಿಂಗ್‌ಗೆ ಓಗ್ಬಂದ್ರೆ ಒಂದ್ ಕಾಲ್ ನೀಲಿ, ಒಂದ್ ಕಾಲ್ ಬೂದಿ," ಎನ್ನುತ್ತಿದ್ದಳು.

ಸಂಶೋಧನೆಗೆ ಸೇರಿದಾಗ ಆ ಅಭ್ಯಾಸ ನನ್ನ ಪ್ರೋಗ್ರಾಮಿನೊಳಗೂ ಬಂತು. ಪ್ರೋಟಾನುಗಳು ಡಿಕ್ಕಿ ಹೊಡೆದಾಗ ಏನೇನು ಹುಟ್ಟುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅನುಕರಿಸುವುದು ನನ್ನ ಕೆಲಸ. ಹಾಗೆ ಹುಟ್ಟುವ ಹ್ಯಾಡ್ರಾನ್ ಎಂಬ ಕಣದಲ್ಲಿ ಸಾಮಾನ್ಯವಾಗಿ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳು ಎರಡು ಅಥವಾ ಮೂರು ಇರುತ್ತವೆ. ನಾನು ಹುಡುಕುತ್ತಿದ್ದದ್ದು ನಾಲ್ಕಿರುವ ಅಪರೂಪದ್ದನ್ನು. ಒಂದೇ ಡಿಕ್ಕಿಯಲ್ಲಿ ಹುಟ್ಟಿದ ಎರಡು ಕಣಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಹೊರಟಿದ್ದರೆ ಮಾತ್ರ ಕೂಡಿಕೊಂಡು ಅದಾಗಬಹುದು. ಕೆಲಸ ಬೇಗ ಆಗಲೆಂದು ಸಾವಿರಾರು ಡಿಕ್ಕಿಗಳ ಕಣಗಳನ್ನು ಒಟ್ಟಿಗೆ ರಾಶಿ ಹಾಕಿ ಹುಡುಕುತ್ತಿದ್ದೆ. ಆದ್ದರಿಂದ ಪ್ರತಿ ಡಿಕ್ಕಿಗೂ ಒಂದು ನಂಬರ್ ಕೊಟ್ಟು, ಅದಕ್ಕೆ 'ಬಂಡಲ್' ಎಂದೇ ಹೆಸರಿಟ್ಟಿದ್ದೆ. ಬಂಡಲ್ ಬೇರೆಯಾದರೆ ಜೋಡಿಸಬೇಡ ಎಂದು ಹೇಳುವುದು ಒಂದೇ ಒಂದು ಸಾಲು. ದಿನಗಟ್ಟಲೆ ಓಡಿಸಿದರೂ ಸಿಕ್ಕದ್ದು ಬೆರಳೆಣಿಕೆಯಷ್ಟು.

ಜೊತೆಗಿದ್ದ ಹಿರಿಯ ಸಂಶೋಧಕರೊಬ್ಬರು ರಾಯದುರ್ಗದವರೇ. ಊರಿಗೆ ಬಂದರೆ ನಮ್ಮ ಮನೆಯಲ್ಲೊಂದು ಊಟ. ಅವರನ್ನು ಅಣ್ಣ ಎನ್ನುತ್ತಿದ್ದೆ. ಪ್ರೋಗ್ರಾಮಿನ ಪಾಸ್‌ವರ್ಡ್ ಕೇಳಿದ ಕೂಡಲೇ ಕೊಟ್ಟೆ.

ಹಬ್ಬಕ್ಕೆ ನಾನು ಊರಿಗೆ ಬಂದಿದ್ದಾಗ ಅವರು ಬರೆದ ಲೇಖನದ ಕರಡು ನನಗೆ ಬಂತು. ಎಣಿಕೆಯ ನಕ್ಷೆಯಲ್ಲಿ ಎತ್ತರದ ಗುಡ್ಡ, ನಾಲ್ಕು ಕ್ವಾರ್ಕಿನ ಕಣ ರಾಶಿಗಟ್ಟಲೆ ಸಿಕ್ಕಂತೆ. ಮೊದಲು ಸಂತೋಷವಾಯಿತು, ಅದನ್ನು ಮುಚ್ಚಿಡಲಾರೆ. ಆಮೇಲೆ ಪ್ರೋಗ್ರಾಮ್ ತೆರೆದೆ. ಬಂಡಲಿನ ಸಾಲು ಅಲ್ಲಿರಲಿಲ್ಲ. ಬೇರೆ ಬೇರೆ ಡಿಕ್ಕಿಯ ಕಣಗಳೆಲ್ಲ ಜೋಡಿಯಾಗಿ ಎಣಿಕೆ ಏರಿತ್ತು. ಲೇಖಕರಲ್ಲಿ ಮೊದಲ ಹೆಸರು ನನ್ನದು.

ಮರುದಿನ ಅವರು ಮನೆಗೆ ಬಂದರು. ಅಮ್ಮ ಮಂಡಕ್ಕಿ ಒಗ್ಗರಣೆ ತಟ್ಟೆಗೆ ಹಾಕಿಕೊಟ್ಟು ಒಳಗೆ ಹೋದಳು.

"ಅಣ್ಣಾ, ಆ ಸಾಲು ಯಾಕ ತೆಗೆದ್ರಿ?"

"ನೋಡಿದೇನು? ಅದಿದ್ರ ಏನೂ ಸಿಗಂಗಿಲ್ಲವ್ವ. ಖಾಲಿ ನಕ್ಷೆ ನೋಡ್ಕೊಂತ ಎಷ್ಟು ವರ್ಷ ಕುಂದ್ರಾದು?"

"ತಪ್ಪಂತ ಗೊತ್ತಿದ್ದೂ?"

"ಯಾರ್ ತೆಗೆದು ನೋಡ್ತಾರ? ತಂಗಿ ಅಂತ ನಿನ್ ಹೆಸ್ರು ಮೊದ್ಲು ಹಾಕೀನಿ, ಅದ್ನ ನೋಡು."

"ಸಿಕ್ಕಿಬಿದ್ರ ನನ್ ಹೆಸ್ರೇ ಮೊದ್ಲು ಸಿಗ್ಲಿ ಅಂತಾನಾ?"

ಅವರು ನಕ್ಕರು. ಆದರೆ ತುಸು ತಡವಾಗಿ.

ನಮ್ಮ ಮಾರ್ಗದರ್ಶಕರಿಗೆ ಬೆಳಿಗ್ಗೆಯೇ ಫೋನಿನಲ್ಲಿ ಪತ್ರ ಬರೆದಿಟ್ಟಿದ್ದೆ, ಕಳಿಸಿರಲಿಲ್ಲ. ಯಾವ ಸಾಲು ಹೋಗಿದೆ, ಅದಿದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು, ಪಾಸ್‌ವರ್ಡ್ ಕೊಟ್ಟವಳು ನಾನೇ, ನನ್ನ ಹೆಸರು ತೆಗೆಯಿರಿ. ಇಷ್ಟೇ. ಅದನ್ನು ಅಣ್ಣನಿಗೆ ಓದಿ ಹೇಳಿದೆ.

ಅವರು ತಟ್ಟೆ ಕೆಳಗಿಟ್ಟರು. "ಮನಿ ಮಗಳಂತ ತಿಳ್ಕಂಡಿದ್ದೆ ನಿನ್ನ. ಮೋಸ ಮಾಡಿದಿ."

ಪತ್ರದಲ್ಲಿ ‘ಮೋಸ’ ಎಂಬ ಪದವನ್ನು ನಾನು ಎರಡು ಸಲ ಬರೆದು, ಎರಡು ಸಲವೂ ಅಳಿಸಿದ್ದೆ. ಪತ್ರವನ್ನು ಅವರ ಎದುರಿಗೇ ಕಳಿಸಿದೆ.